ಖಾಲಿ ಗುಳಿಯ ಹಳದಿ

ನಮ್ಮೂರಿನ ಸೇತುವೆ ದಾಟಿ ಹೋದವರು ಹನ್ನೆರಡು ಅಮಾವಾಸ್ಯೆಯೊಳಗೆ ತಿರುಗಿ ಬರದಿದ್ದರೆ ಮಾಸಿಹೋಗುತ್ತಾರೆ. ಹದಿಮೂರನೆಯ ಅಮಾವಾಸ್ಯೆಯ ಬೆಳಿಗ್ಗೆ ಮನೆಯವರು ಎಂದಿನಂತೆ ಎದ್ದು, ಮುಖ ತೊಳೆದು, ರೊಟ್ಟಿ ಬಡಿದು, ಎಷ್ಟು ಜನ ಇದ್ದಾರೋ ಅಷ್ಟಕ್ಕೇ ತಾಟು ಹಾಕಿಕೊಂಡು ಕೂರುತ್ತಾರೆ. ಅಳುವವರಿಲ್ಲ, ಯಾರಿಗಾಗಿ ಅಳಬೇಕು ಎಂಬುದೇ ಗೊತ್ತಿರುವುದಿಲ್ಲ. ಪಂಚಾಯಿತಿಯ ರಿಜಿಸ್ಟರಿನಲ್ಲಿ ಹೆಸರು ಇರುತ್ತದೆ, ಅದರ ಮುಂದಿನ ಮನೆ ನಂಬರಿನ ಮಸಿ ಮಾತ್ರ ಮಾಸಿರುತ್ತದೆ. ಇನ್ನು ಉಳಿಯುವುದು ಸಾಮಾನು. ಒಂಟಿ ಚಪ್ಪಲಿ, ಯಾರ ಮೈಗೂ ಹೊಂದದ ಅಂಗಿ, ಅರ್ಧ ಹೆಣೆದ ಸ್ವೆಟರು. ಇಂಥವಕ್ಕೆ ನಮ್ಮಲ್ಲಿ ‘ಯಾರದೋ’ ಎನ್ನುತ್ತಾರೆ. ಹೆಚ್ಚುಕಡಿಮೆ ಪ್ರತಿ ಮನೆಯ ಗೋಡೆಯಲ್ಲೂ ಒಂದು ಯಾರದೋ ಗೂಡು ಇರುತ್ತದೆ, ದೀಪಾವಳಿಗೆ ಅದನ್ನೂ ಒರೆಸಿ ಸುಣ್ಣ ಬಳಿಯುತ್ತಾರೆ. ಹೆಣ್ಣು ಕೊಡಲು ಬಂದವರು ಅಡುಗೆಮನೆಗಿಂತ ಮೊದಲು ಆ ಗೂಡು ನೋಡುತ್ತಾರೆ. ಅದು ತೀರ ತುಂಬಿದ್ದರೆ ಈ ಮನೆಯಲ್ಲಿ ಜನ ನಿಲ್ಲುವುದಿಲ್ಲ ಎಂದು ಅವರ ಲೆಕ್ಕ.

ನಮ್ಮ ಮನೆಯಲ್ಲಿ ಅಂಥ ಗೂಡು ಇರಲಿಲ್ಲ. ಇದನ್ನು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ನಾನು, ಗಂಡ ರಾಚಪ್ಪ, ಎರಡು ಎಮ್ಮೆ. ಮಕ್ಕಳಾಗಲಿಲ್ಲ, ಇರಲಿ. ‘ನಮ್ಮ ಮನೆಯಿಂದ ಒಬ್ಬರೂ ಹೋದವರಿಲ್ಲ’ ಎಂದು ನಾನು ಹೇಳುವಾಗ ಎದುರಿಗಿದ್ದವರು ಕತ್ತು ತಗ್ಗಿಸುತ್ತಿದ್ದರು, ಅದು ನನಗೆ ಹಿತವಾಗಿಯೇ ಇರುತ್ತಿತ್ತು.

ಮಾಸಿದವರಲ್ಲಿ ಕೆಲವರು ಎಷ್ಟೋ ವರ್ಷದ ಮೇಲೆ ತಿರುಗಿ ಬರುತ್ತಾರೆ. ಅವರಿಗೆ ಊರು ನೆನಪಿರುತ್ತದೆ, ತಮ್ಮ ಹೆಸರು ನೆನಪಿರುತ್ತದೆ, ತಮ್ಮ ಬಾಗಿಲು ಯಾವುದೆಂಬುದು ನೆನಪಿರುವುದಿಲ್ಲ. ಮನೆಯವರಿಗೆ ಅವರ ಮುಖ ಗುರುತು ಹತ್ತುವುದಿಲ್ಲ. ಆದರೆ ರಕ್ತ ಮರೆಯುವುದಿಲ್ಲ. ಆ ರಕ್ತದ ಮಾತು ಕೇಳಿ ಹೇಳುವುದು ನನ್ನ ಕೆಲಸ. ಸೇತುವೆಯ ಪಕ್ಕದ ಗುರುತು ಲ್ಯಾಬಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಹೆಸರು ನೀಲಾಂಬಿಕೆ, ಊರಿಗೆಲ್ಲ ನೀಲಕ್ಕ. ನನ್ನ ಕೈಯಿಂದ ಒಂದು ಸುಳ್ಳು ರಿಪೋರ್ಟು ಹೋಗಿಲ್ಲ. ಇದನ್ನೂ ಹೇಳಿಕೊಂಡು ತಿರುಗುತ್ತಿದ್ದೆ, ಇದು ಮಾತ್ರ ಇವತ್ತಿಗೂ ನಿಜ.

ಪರೀಕ್ಷೆ ಕಷ್ಟದ್ದಲ್ಲ, ತಾಳ್ಮೆಯದು. ಒಂದು ಮನೆಯಲ್ಲಿ ನಾಲ್ಕಾರು ವರ್ಷ ಉಸಿರಾಡಿದರೆ ಆ ಮನೆಯ ಧೂಳು, ಒಲೆಯ ಮಸಿ, ದನದ ಕೂದಲು ಎಲ್ಲವೂ ರಕ್ತಕ್ಕೆ ಪರಿಚಯವಾಗುತ್ತವೆ. ಆ ಪರಿಚಯವನ್ನು ಹಿಡಿದುಕೊಳ್ಳಲು ರಕ್ತ ತನ್ನೊಳಗೆ ಸಣ್ಣ ಕೊಂಡಿಗಳನ್ನು ಮಾಡಿಟ್ಟುಕೊಳ್ಳುತ್ತದೆ. ಪುಸ್ತಕದಲ್ಲಿ ಅವಕ್ಕೆ ಪ್ರತಿಕಾಯ ಎನ್ನುತ್ತಾರೆ, ಬಂದವರಿಗೆ ತಿಳಿಯಲೆಂದು ನಾನು ಕೊಂಡಿ ಎನ್ನುತ್ತೇನೆ. ನಾವು ಮನೆಯ ಹೊಸ್ತಿಲ ಧೂಳನ್ನು ಉಪ್ಪುನೀರಿನಲ್ಲಿ ನೆನೆಸಿ, ಸೋಸಿ, ತೊಂಬತ್ತಾರು ಗುಳಿಗಳ ಪ್ಲೇಟಿಗೆ ಹಾಕಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡುತ್ತೇವೆ. ಧೂಳಿನ ಸಾರ ಗುಳಿಯ ಗೋಡೆಗೆ ಅಂಟಿಕೊಳ್ಳುತ್ತದೆ. ಆದರೆ ಗೋಡೆ ತುಂಬ ಅಂಟುವುದಿಲ್ಲ, ನಡುನಡುವೆ ಬರಿ ಜಾಗ ಉಳಿಯುತ್ತದೆ. ಆ ಬರಿ ಜಾಗಕ್ಕೆ ಯಾವ ರಕ್ತ ಬೇಕಾದರೂ ಸುಮ್ಮನೆ ಅಂಟಿ ಸುಳ್ಳು ಹೇಳಬಹುದು. ಅದಕ್ಕೇ ಕೆನೆ ತೆಗೆದ ಹಾಲು ಹಾಕಿ ಬರಿ ಜಾಗವನ್ನೆಲ್ಲ ಮುಚ್ಚುತ್ತೇವೆ.

ಆಮೇಲೆ ಬಂದವರ ರಕ್ತದ ತಿಳಿನೀರು. ಮನೆಯ ಧೂಳನ್ನು ಬಲ್ಲ ಕೊಂಡಿ ಅದರಲ್ಲಿದ್ದರೆ ಹೋಗಿ ಹಿಡಿದುಕೊಳ್ಳುತ್ತದೆ. ತೊಳೆಯುತ್ತೇವೆ. ಹಿಡಿದುಕೊಂಡದ್ದು ನಿಲ್ಲುತ್ತದೆ, ಸುಮ್ಮನೆ ಬಂದದ್ದು ನೀರಿನ ಜೊತೆ ಹೋಗುತ್ತದೆ. ನಂತರ ಎರಡನೆಯ ಕೊಂಡಿ. ಇದು ಮನುಷ್ಯರ ಕೊಂಡಿಯನ್ನು ಮಾತ್ರ ಹಿಡಿಯುತ್ತದೆ. ಇದರ ಬೆನ್ನಿಗೆ ಮೂಲಂಗಿಯ ನೆಂಟನಾದ ಒಂದು ಖಾರದ ಗಡ್ಡೆಯಿಂದ ತೆಗೆದ ಕಿಣ್ವ ಕಟ್ಟಿರುತ್ತದೆ. ಮತ್ತೆ ತೊಳೆಯುತ್ತೇವೆ, ಈ ಸಲ ಐದು ಬಾರಿ. ಕೊನೆಗೆ ಬಣ್ಣದ ನೀರು ಹಾಕುತ್ತೇವೆ. ಹಾಕುವಾಗ ಅದಕ್ಕೆ ಬಣ್ಣವೇ ಇರುವುದಿಲ್ಲ. ಕಿಣ್ವ ಉಳಿದುಕೊಂಡಿದ್ದ ಗುಳಿಯಲ್ಲಿ ಅದು ನೀಲಿಯಾಗುತ್ತದೆ. ಒಂದು ಹನಿ ಆಸಿಡ್ ಹಾಕಿ ನಿಲ್ಲಿಸಿದರೆ ನೀಲಿ ಹಳದಿಯಾಗುತ್ತದೆ. ಹಳದಿ ಎಂದರೆ ಮನೆ ಸಿಕ್ಕಿತು. ನಮ್ಮೂರಲ್ಲಿ ಮದುವೆಯ ಅರಿಶಿನಕ್ಕಿಂತ ಹೆಚ್ಚು ಜನ ಅತ್ತಿರುವುದು ಈ ಹಳದಿಗೆ.

ಎರಡು ಗುಳಿಗಳನ್ನು ಮಾತ್ರ ನಾನು ರಿಪೋರ್ಟು ಬರೆಯುವ ಮೊದಲು ಎರಡೆರಡು ಸಲ ನೋಡುತ್ತೇನೆ. ಒಂದರಲ್ಲಿ ಮೌಲಾಸಾಬರ ರಕ್ತ. ಅವರು ಲ್ಯಾಬಿನ ಜವಾನ, ಸೇತುವೆಯ ಆಚೆ ಹುಟ್ಟಿ ಇಲ್ಲಿಗೆ ಬಂದವರು. ಲ್ಯಾಬಿನ ಹಿಂದಿನ ಕೋಣೆಯಲ್ಲೇ ಒಬ್ಬರೇ ಇರುತ್ತಾರೆ, ಊರಿನ ಯಾವ ಮನೆಯ ಪರಿಚಯವೂ ಅವರ ರಕ್ತಕ್ಕಿಲ್ಲ. ಅವರ ಗುಳಿ ಯಾವಾಗಲೂ ಬಿಳಿ ಇರಬೇಕು. ಇನ್ನೊಂದು ಖಾಲಿ ಗುಳಿ. ಅದಕ್ಕೆ ಧೂಳು ಹಾಕುವುದಿಲ್ಲ, ಹಾಲು ಮಾತ್ರ ಹಾಕಿ, ಅದರ ಮೇಲೆ ಬಂದವರ ರಕ್ತ ಹಾಕುತ್ತೇವೆ. ಅದೂ ಬಿಳಿ ಇರಬೇಕು. ಖಾಲಿ ಗುಳಿ ಹಳದಿಯಾದರೆ ಪರೀಕ್ಷೆ ಕೆಟ್ಟಿತು ಎಂದು ಅರ್ಥ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಖಾಲಿ ಗುಳಿ ಒಮ್ಮೆಯೂ ಹಳದಿಯಾಗಿರಲಿಲ್ಲ. ಕಾರಣ ಹಾಲು. ಅಂಗಡಿ ಹಾಲನ್ನು ನಾನು ನಂಬುವವಳಲ್ಲ, ಅದರಲ್ಲಿ ಏನೇನು ಇರುತ್ತದೋ. ನಮ್ಮ ಎಮ್ಮೆಯ ಹಾಲನ್ನು ಮನೆಯಲ್ಲೇ ಕೆನೆ ತೆಗೆದು, ಒಂದು ತಗ್ಗು ಬಿದ್ದ ಹಿತ್ತಾಳೆ ಲೋಟದಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ತರುತ್ತಿದ್ದೆ. ಆ ಲೋಟ ಮನೆಯಲ್ಲಿ ಹೆಚ್ಚಿಗೆ ಬಿದ್ದಿತ್ತು. ನನ್ನದೊಂದು, ರಾಚಪ್ಪನದೊಂದು, ಇದು ಮೂರನೆಯದು.

ಕಸ್ತೂರಿ ಬಂದದ್ದು ಶ್ರಾವಣ ಮುಗಿಯುವ ಹೊತ್ತಿಗೆ. ಇಪ್ಪತ್ತೆಂಟರ ಹೆಣ್ಣುಮಗಳು, ಕೈಯಲ್ಲಿ ಒಂದು ಟ್ರಂಕು, ಕಾಲಿಗೆ ಗಂಡಸರ ಚಪ್ಪಲಿ. ಆಚೆಯ ಬಟ್ಟೆ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಹೊಲಿಗೆ ಮಾಡಿದ್ದಳು. ಊರಿನ ನಿಯಮ ಅವಳಿಗೆ ಗೊತ್ತಿತ್ತು. ಬಂದವರು ಮೂರು ದಿನ ಛತ್ರದಲ್ಲಿರಬೇಕು. ಒಂದು ಮನೆ ತೋರಿಸಬೇಕು, ಒಂದೇ. ಒಂದು ರಕ್ತಕ್ಕೆ ಒಂದು ಮನೆ. ಮೂರನೆಯ ದಿನ ಸಂಜೆಯೊಳಗೆ ಲ್ಯಾಬು ಹೌದು ಎಂದರೆ ಆ ಬಾಗಿಲು ಅವರದು. ಅಲ್ಲ ಎಂದರೆ ಸೇತುವೆ ದಾಟಿಸುತ್ತಾರೆ, ಮತ್ತೆ ಬರುವಂತಿಲ್ಲ.

ಸೂಜಿ ಚುಚ್ಚುವ ಮುಂಚೆ ನಾನು ಎಲ್ಲರನ್ನೂ ಕೇಳುವ ಪ್ರಶ್ನೆ ಅವಳನ್ನೂ ಕೇಳಿದೆ.

“ಯಾಕ ತಿರುಗಿ ಬಂದಿ?”

“ಅಲ್ಲಿ ಎಲ್ಲಾರೂ ಹೆಸರು ಹಿಡಿದು ಛಂದಾಗಿ ಕರೀತಾರ್ರಿ,” ಎಂದಳು. “ಯಾರೂ ಬೈಯೂದಿಲ್ಲ. ಒಂಬತ್ತು ವರ್ಷದಾಗ ಒಬ್ಬರೂ ಬೈದಿಲ್ಲ. ಸಾಕಾತು.”

ಮೌಲಾಸಾಬರು ನಕ್ಕರು. ನನಗೂ ನಗು ಬಂತು, ತಡೆದುಕೊಂಡೆ.

“ಏನು ನೆನಪೈತಿ?”

“ಬೆಳಗ್ಗೆ ಎಚ್ಚರ ಆಗೋ ಹೊತ್ತಿಗೆ ಗಾಜಿಗೆ ಗಾಜು ತಾಕೋ ಸದ್ದು. ಕಿಣಿಕಿಣಿ ಅಂತ. ದಿನಾ. ಅಷ್ಟ ನೆನಪೈತ್ರಿ.”

ಗಾಜಿನ ಸದ್ದು ಎಂದ ಮೇಲೆ ಊರಿನಲ್ಲಿ ಇನ್ನಾವ ಮನೆ? ಎಲ್ಲರೂ ಬಳೆಗಾರರ ಮನೆಯನ್ನೇ ತೋರಿಸಿದರು, ಅವಳೂ ಹಾಗೆಯೇ ಅಂದುಕೊಂಡಳು. ಬಳೆಗಾರ ಮುರಿಗೆಯ್ಯ ಮತ್ತು ಅವನ ಹೆಂಡತಿ ಗಿರಿಜವ್ವನ ಮನೆಯಲ್ಲಿ ಯಾರದೋ ಗೂಡು ಒಂದಲ್ಲ, ಮೂರು. ಸಣ್ಣ ಲಂಗ, ಕಾಲುಗೆಜ್ಜೆ, ಮಗುವಿನ ಕೈ ಅಳತೆಯ ಬಳೆ. ಮುಖ ನೆನಪಿಲ್ಲದ ಮಗಳಿಗಾಗಿ ಗಿರಿಜವ್ವ ಪ್ರತಿ ವರ್ಷ ನಾಗಪಂಚಮಿಗೆ ಹೊಸ ಬಳೆ ತೆಗೆದಿಡುತ್ತಿದ್ದಳು, ಅಳತೆಯನ್ನು ವರ್ಷಕ್ಕಿಷ್ಟು ಎಂಬ ಅಂದಾಜಿನ ಮೇಲೆ ಹಿಗ್ಗಿಸುತ್ತ. ಹೊಸ್ತಿಲ ಧೂಳು ತರಲು ಹೋದ ಮೌಲಾಸಾಬರ ಕೈಗೆ ಅವಳು ಧೂಳಿನ ಪೊಟ್ಟಣದ ಜೊತೆ ಒಂದು ಡಬ್ಬಿ ಹೋಳಿಗೆಯನ್ನೂ ಕೊಟ್ಟು ಕಳಿಸಿದಳು. ಮೊದಲ ದಿನವೇ ನಾನು ಎರಡು ಪ್ಲೇಟಿಗೆ ಧೂಳು ಹಚ್ಚಿಟ್ಟೆ, ನನ್ನ ಪದ್ಧತಿ ಯಾವಾಗಲೂ ಎರಡು.

ಎರಡನೆಯ ದಿನ ಮಧ್ಯಾಹ್ನ ಪ್ಲೇಟು ಹಳದಿಯಾಯಿತು. ಮುರಿಗೆಯ್ಯನ ರಕ್ತ ಹಾಕಿದ ಧೂಳಿನ ಗುಳಿಗಳು ಹಳದಿ, ಅದು ಅವನದೇ ಮನೆ, ಆಗಲೇಬೇಕು. ಮೌಲಾಸಾಬರದು ಬಿಳಿ. ಕಸ್ತೂರಿಯದು ಎದ್ದು ಕಾಣುವ ಹಳದಿ. ಬಾಗಿಲಲ್ಲಿ ನಿಂತಿದ್ದ ಗಿರಿಜವ್ವನ ಮುಖ ನಾನು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಪ್ಲೇಟನ್ನು ನೋಡುತ್ತಿದ್ದಳು.

ಆಮೇಲೆ ನಾನು ಖಾಲಿ ಗುಳಿ ನೋಡಿದೆ. ಕಸ್ತೂರಿಯ ರಕ್ತದ ಖಾಲಿ ಗುಳಿಯೂ ಅಷ್ಟೇ ಹಳದಿ.

“ಇನ್ನೂ ಆಗಿಲ್ಲ ಗಿರಿಜವ್ವ, ನಾಳೆ ಬಾ,” ಎಂದು ಅವಳನ್ನು ಕಳಿಸಿದೆ. ಬಾಗಿಲು ಹಾಕಿಕೊಂಡೆ. ಪ್ಲೇಟನ್ನು ಬಣ್ಣ ಅಳೆಯುವ ಯಂತ್ರದಲ್ಲಿ ಇಟ್ಟು ಓದಿದೆ. ಧೂಳಿನ ಗುಳಿ ಒಂದು ಪಾಯಿಂಟ್ ಒಂಬತ್ತು. ಖಾಲಿ ಗುಳಿ ಒಂದು ಪಾಯಿಂಟ್ ಎಂಟು ಏಳು. ಧೂಳು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

“ನೀವು ಸರಿಯಾಗಿ ತೊಳೀಲಿಲ್ಲೇನು?” ಎಂದು ಮೌಲಾಸಾಬರ ಮೇಲೆ ಹರಿಹಾಯ್ದೆ.

“ತೊಳೆದವರು ನೀವ ಅಲ್ರೀ ಅಕ್ಕಾರ. ನಾ ನೀರು ತಂದುಕೊಟ್ಟೆ ಅಷ್ಟ,” ಎಂದರು ಅವರು. ಮಾತು ನಿಜ, ತೊಳೆಯುವುದನ್ನು ನಾನು ಯಾರಿಗೂ ಬಿಟ್ಟುಕೊಡುವವಳಲ್ಲ. ಎರಡನೆಯ ಪ್ಲೇಟಿನ ಅರ್ಧ ತೆಗೆದುಕೊಂಡು ಮೊದಲಿನಿಂದ ಮಾಡಿದೆ. ಐದು ಸಲ ತೊಳೆಯುವಲ್ಲಿ ಹತ್ತು ಸಲ ತೊಳೆದೆ. ಪ್ಲೇಟನ್ನು ಮಗುಚಿ ಬಟ್ಟೆಯ ಮೇಲೆ ಬಡಿದು ಬಡಿದು ಅಂಗೈ ಕೆಂಪಾಯಿತು. ಸಂಜೆ ಐದಕ್ಕೆ ಅದೇ ಬಣ್ಣ. ಕೊಳಕು ಪ್ಲೇಟಾಗಿದ್ದರೆ ಮೌಲಾಸಾಬರ ಗುಳಿಯೂ ಹಳದಿಯಾಗಬೇಕು. ಮುರಿಗೆಯ್ಯನ ಖಾಲಿ ಗುಳಿಯೂ ಆಗಬೇಕು. ಅವೆರಡೂ ಹಾಲಿನಷ್ಟೇ ಬಿಳಿಯಾಗಿದ್ದವು. ಕಸ್ತೂರಿಯ ರಕ್ತ ಮಾತ್ರ, ಏನೂ ಇಲ್ಲದ ಗುಳಿಯಲ್ಲಿ ಏನನ್ನೋ ಹಿಡಿದುಕೊಂಡು ಬಿಡದೆ ಕೂತಿತ್ತು.

ಆ ಸಂಜೆ ನನಗೆ ಆಸೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಖಾಲಿ ಗುಳಿ ನೋಡುವವರು ಊರಿನಲ್ಲಿ ನಾನೊಬ್ಬಳೇ. ಪಂಚರು ಕೇಳುವುದು ಹೌದೋ ಅಲ್ಲವೋ ಎಂದು ಮಾತ್ರ. ಹೌದು ಎಂದು ಬರೆದರೆ ಆ ಹುಡುಗಿಗೆ ಬೈಯುವವರು ಸಿಗುತ್ತಾರೆ, ಗಿರಿಜವ್ವನ ಬಳೆಗೆ ಕೈ ಸಿಗುತ್ತದೆ. ಯಾರಿಗೇನು ನಷ್ಟ? ರಿಪೋರ್ಟಿನ ಹಾಳೆ ತೆಗೆದೆ ಕೂಡ. ಆದರೆ ಖಾಲಿ ಗುಳಿಯ ಸಂಖ್ಯೆ ಬರೆಯುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಅಲ್ಲಿ ಸುಳ್ಳು ಬರೆದರೆ ಇಪ್ಪತ್ತೆರಡು ವರ್ಷ ನಾನು ಬರೆದ ಎಲ್ಲ ಹೌದುಗಳೂ ಆ ಹುಡುಗಿಯ ಹೌದಿನಂತೆಯೇ ಆಗಿಬಿಡುತ್ತವೆ. ಹಾಳೆ ಮಡಿಸಿಟ್ಟು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಹಿತ್ತಿಲ ಕಲ್ಲಿನ ಮೇಲೆ ಕೂತು ಟೆಸ್ಟ್‌ಟ್ಯೂಬು ತೊಳೆಯುತ್ತಿದ್ದೆ. ಲ್ಯಾಬಿನ ಬಾವಿಯ ನೀರು ಉಪ್ಪು, ಗಾಜಿನ ಮೇಲೆ ಕಲೆ ಕೂರುತ್ತದೆ. ನಮ್ಮ ಹಿತ್ತಿಲ ನೀರು ಸಿಹಿ. ಅದಕ್ಕೇ ಕೆಲಸಕ್ಕೆ ಸೇರಿದ ದಿನದಿಂದ ಟ್ಯೂಬುಗಳನ್ನು ಬುಟ್ಟಿಯಲ್ಲಿ ಮನೆಗೆ ತಂದು, ಬೆಳಿಗ್ಗೆ ತೊಳೆದು, ಲ್ಯಾಬಿನಲ್ಲಿ ಮತ್ತೆ ಕುದಿಸುತ್ತೇನೆ. ಒಂದೊಂದಾಗಿ ತೊಳೆದು ಬುಟ್ಟಿಗೆ ಹಾಕುತ್ತ ತಲೆಯಲ್ಲಿ ಅದೇ ಖಾಲಿ ಗುಳಿ ತಿರುಗುತ್ತಿತ್ತು. ಹತ್ತನೆಯದೋ ಹನ್ನೊಂದನೆಯದೋ ಟ್ಯೂಬು ಬುಟ್ಟಿಗೆ ಬಿದ್ದಾಗ ನನ್ನ ಕಿವಿಗೆ ಸದ್ದು ಕೇಳಿತು. ಇಪ್ಪತ್ತೆರಡು ವರ್ಷದಿಂದ ದಿನಾ ಆಗುತ್ತಿದ್ದ ಸದ್ದು, ನಾನು ಕೇಳಿಸಿಕೊಂಡದ್ದು ಅವತ್ತು.

ಕಿಣಿ.

ಇನ್ನೊಂದು ಟ್ಯೂಬು ಎತ್ತಿ ಬೇಕೆಂದೇ ಬುಟ್ಟಿಗೆ ಹಾಕಿದೆ. ಮತ್ತೆ ಅದೇ ಸದ್ದು. ರಾಚಪ್ಪ ಎಮ್ಮೆ ಹಿಂಡಿ ಬಂದವನು, “ಏನಾತು? ಮುಖ ಯಾಕ ಹಂಗ ಆಗೇತಿ?” ಎಂದ.

“ನಮ್ಮ ಮನ್ಯಾಗ ಗೂಟ ಎಷ್ಟದಾವು?” ಎಂದೆ. ಹಜಾರದ ಗೋಡೆಯಲ್ಲಿ ಅಂಗಿ ಸೀರೆ ತಗುಲಿಹಾಕುವ ಗೂಟಗಳು.

“ಮೂರು.”

“ಯಾಕ ಮೂರು?”

ಅವನು ಯೋಚಿಸಿದ. “ಮಾಡುವಾಗ ಮೂರು ಮಾಡ್ಯಾನ ಬಡಿಗ್ಯಾ,” ಎಂದು ಹಾಲಿನ ಚರಿಗೆ ಇಟ್ಟು ಹೋದ. ಅದು ನನ್ನದೇ ಉತ್ತರ. ನಾನೇ ಅವನಿಗೆ ಯಾವಾಗಲೋ ಹೇಳಿಕೊಟ್ಟದ್ದು.

ಲ್ಯಾಬಿಗೆ ಹೋಗುವ ದಾರಿಯಲ್ಲಿ ಮೊದಲ ಸಲ ಅಂಗಡಿ ಹಾಲು ಕೊಂಡೆ. ಅಂಗಡಿಯವನು ಬೆರಗಾಗಿ ನೋಡಿದ. ಉಳಿದಿದ್ದ ಅರ್ಧ ಪ್ಲೇಟಿನಲ್ಲಿ ಎರಡು ಭಾಗ ಮಾಡಿದೆ. ಒಂದು ಭಾಗದ ಬರಿ ಜಾಗವನ್ನು ಅಂಗಡಿ ಹಾಲಿನಿಂದ ಮುಚ್ಚಿದೆ, ಇನ್ನೊಂದು ಭಾಗವನ್ನು ನಮ್ಮ ಮನೆಯ ಹಾಲಿನಿಂದ. ಎರಡಕ್ಕೂ ಕಸ್ತೂರಿಯ ರಕ್ತ, ಎರಡಕ್ಕೂ ಮೌಲಾಸಾಬರದು, ಎರಡಕ್ಕೂ ಮುರಿಗೆಯ್ಯನದು. ಎರಡೂ ಭಾಗದಲ್ಲಿ ಧೂಳಿಲ್ಲದ ಒಂದೊಂದು ಗುಳಿ ಉಳಿಯಿತು. ನಾನು ಸೆರಗು ಸರಿಸಿ ತೋಳು ಚಾಚಿದೆ.

“ಮೌಲಾಸಾಬ, ನನ್ನ ರಕ್ತ ತೆಗೀರಿ.”

ಅವರು ಸೂಜಿ ತಂದರು. ಅವರಿಗೆ ನನಗಿಂತ ಮೊದಲೇ ಹೊಳೆದಿತ್ತೋ ಏನೋ, ಸೂಜಿ ಹಿಡಿದ ಕೈ ಮಾತ್ರ ಎಂದಿಗಿಂತ ಮೆತ್ತಗಿತ್ತು.

ಗುಳಿಗಳು ನಿಧಾನವಾಗಿ ಬಣ್ಣ ತಿರುಗುವುದನ್ನು ನಾನು ಸಾವಿರ ಸಲ ನೋಡಿದ್ದೇನೆ, ಯಾವಾಗಲೂ ಬೇರೆಯವರ ಪರವಾಗಿ. ಆ ಹದಿನೈದು ನಿಮಿಷ ಸ್ಟೂಲಿನ ಮೇಲೆ ಕೂತು ನಾನು ಪ್ಲೇಟನ್ನು ಬಿಟ್ಟು ಬೇರೆ ಎಲ್ಲವನ್ನೂ ನೋಡಿದೆ. ಆಮೇಲೆ ಆಸಿಡ್ ಹನಿ ಹಾಕಿ ನೋಡಿದೆ. ಅಂಗಡಿ ಹಾಲಿನ ಭಾಗದಲ್ಲಿ ನನ್ನದು ಬಿಳಿ, ಕಸ್ತೂರಿಯ ಗುಳಿಗಳೆಲ್ಲ ಬಿಳಿ, ಬಳೆಗಾರರ ಧೂಳು ಇದ್ದ ಗುಳಿಯೂ ಬಿಳಿ. ಆ ಮನೆಯ ಧೂಳು ಅವಳ ರಕ್ತಕ್ಕೆ ಗೊತ್ತೇ ಇರಲಿಲ್ಲ. ನಮ್ಮ ಹಾಲಿನ ಭಾಗದಲ್ಲಿ ಮೌಲಾಸಾಬರದು ಬಿಳಿ, ಮುರಿಗೆಯ್ಯನ ಖಾಲಿ ಗುಳಿ ಬಿಳಿ, ಕಸ್ತೂರಿಯದು ಹಳದಿ. ಪಕ್ಕದಲ್ಲಿ ನನ್ನದು, ಅದೂ ಹಳದಿ. ಎರಡು ಗುಳಿ ಅಕ್ಕಪಕ್ಕ ಇದ್ದವು, ಯಾವುದು ಯಾರದೆಂದು ಸಂಖ್ಯೆ ನೋಡದೆ ಹೇಳಲು ಬರುತ್ತಿರಲಿಲ್ಲ.

ತಪ್ಪು ಏನೆಂದು ಆಗ ತಿಳಿಯಿತು. ಬೇರೆಯವರ ಮನೆಯ ಧೂಳಿನ ನಡುವಿನ ಬರಿ ಜಾಗವನ್ನು ನಾನು ಇಪ್ಪತ್ತೆರಡು ವರ್ಷ ನಮ್ಮ ಮನೆಯಿಂದ ಮುಚ್ಚುತ್ತ ಬಂದಿದ್ದೆ. ನಮ್ಮ ಕೊಟ್ಟಿಗೆಯ ಧೂಳು, ನಮ್ಮ ಒಲೆಯ ಹೊಗೆ, ನಮ್ಮ ಎಮ್ಮೆಯ ಮೈ, ಎಲ್ಲವೂ ಆ ಹಾಲಿನಲ್ಲಿತ್ತು. ಬಂದವರೆಲ್ಲ ಬೇರೆ ಮನೆಯವರಾದ್ದರಿಂದ ಅವರ ರಕ್ತ ಅದನ್ನು ಮುಟ್ಟಲಿಲ್ಲ, ಅವರ ರಿಪೋರ್ಟುಗಳಿಗೆ ಏನೂ ಕೆಡುಕಾಗಲಿಲ್ಲ. ನಮ್ಮ ಮನೆಯವರು ಬಂದಾಗ ಮಾತ್ರ ಖಾಲಿ ಗುಳಿ ಖಾಲಿಯಾಗಿರುವುದಿಲ್ಲ. ನಮ್ಮ ಮನೆಯಿಂದ ಯಾರೂ ಹೋಗಿಲ್ಲ ಎಂಬ ಧೈರ್ಯದಲ್ಲಿ ನಾನು ಅದನ್ನು ಯೋಚಿಸಿರಲೇ ಇಲ್ಲ.

ಇನ್ನೊಂದು ಮಾತೂ ಹೇಳಿಬಿಡಬೇಕು. ನನ್ನ ಹೊಟ್ಟೆಯ ನಡುವೆ ಹೊಕ್ಕುಳ ಕೆಳಗಿನಿಂದ ಇಳಿದ ಒಂದು ಹಳೆಯ ಹೊಲಿಗೆಯ ಗೆರೆ ಇದೆ. ಯಾರಾದರೂ ಕೇಳಿದರೆ ಅಪೆಂಡಿಕ್ಸ್ ಎನ್ನುತ್ತಿದ್ದೆ. ಅಪೆಂಡಿಕ್ಸ್ ಬಲಕ್ಕಿರುತ್ತದೆ, ನಡುವೆ ಹಾಗೆ ಕೊಯ್ಯುವುದು ಹೆರಿಗೆಗೆ. ಲ್ಯಾಬಿನಲ್ಲಿ ಕೆಲಸ ಮಾಡುವವಳಿಗೆ ಅದು ಗೊತ್ತಿಲ್ಲವೆಂದು ಯಾರಾದರೂ ನಂಬುತ್ತಾರೆಯೇ? ನಾನೇ ನಂಬಿದ್ದೆ.

ಸಂಜೆ ಛತ್ರದ ಕಟ್ಟೆಯ ಮೇಲೆ ಪಂಚರು ಕೂತರು. ಕಸ್ತೂರಿ ಟ್ರಂಕನ್ನು ಕಾಲಿನ ಪಕ್ಕ ಇಟ್ಟುಕೊಂಡು ನಿಂತಿದ್ದಳು. ಒಂದು ಬದಿಗೆ ಮುರಿಗೆಯ್ಯ, ಹೊಸ ಸೀರೆ ಉಟ್ಟ ಗಿರಿಜವ್ವ. ಹಿರಿಯ ಪಂಚ ಅಡಿವೆಪ್ಪ ನನ್ನತ್ತ ತಿರುಗಿ, “ಹೇಳು ನೀಲಕ್ಕ, ಬಳಿಗಾರರ ಮನಿ ಹೌದೋ, ಅಲ್ಲೋ?” ಎಂದ.

“ಅಲ್ಲ,” ಎಂದೆ.

ಗಿರಿಜವ್ವ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು. ಕಸ್ತೂರಿ ಅಳಲಿಲ್ಲ. ಬಗ್ಗಿ ಟ್ರಂಕಿನ ಹಿಡಿಗೆ ಕೈ ಹಾಕಿದಳು.

“ಅದನ್ನ ಕೆಳಗಿಡು,” ಎಂದೆ ನಾನು. ಸ್ವಲ್ಪ ಜೋರಾಗಿಯೇ ಬಂತು. “ಮಾತು ಮುಗಿದಿಲ್ಲ.”

ಪ್ಲೇಟನ್ನು ಕಟ್ಟೆಯ ಮೇಲಿಟ್ಟೆ. ಹಾಲು, ಖಾಲಿ ಗುಳಿ, ನನ್ನ ರಕ್ತ, ಅವಳ ರಕ್ತ, ಒಂದನ್ನೂ ಬಿಡದೆ ಹೇಳಿದೆ. ಪ್ಲೇಟು ಮುಂದೆ ಇದ್ದರೆ ನನಗೆ ಯಾರ ಹೆದರಿಕೆಯೂ ಇಲ್ಲ.

ಅಡಿವೆಪ್ಪ ಮೀಸೆ ಸವರಿಕೊಂಡ. “ಒಂದ ರಕ್ತಕ್ಕ ಒಂದ ಮನಿ. ನೀ ಎರಡನೇ ಮನಿ ಕೇಳಿದಂಗ ಆತಲ್ಲ. ನಿಯಮ ಮುರಿದಂಗ.”

“ನಾ ಯಾವ ಮನಿನೂ ಕೇಳಿಲ್ರಿ. ಹಾಲು ಹಾಕೀನಿ. ಇಪ್ಪತ್ತೆರಡು ವರ್ಷದಿಂದ ಎಲ್ಲಾರಿಗೂ ಹಾಕೀನಿ. ನಿಮ್ಮ ತಮ್ಮ ತಿರುಗಿ ಬಂದಾಗ ಅವನ ಪ್ಲೇಟಿಗೂ ಹಾಕಿದ್ದೆ. ಆವಾಗ ನಿಯಮ ಮುರೀಲಿಲ್ಲ, ಈಗ ಹೆಂಗ ಮುರೀತು?”

“ನಿಮ್ಮ ಮನಿಯಿಂದ ಯಾರೂ ಹೋಗಿಲ್ಲ ಅಂತ ಊರ ತುಂಬ ಹೇಳ್ಕೊಂಡು ಅಡ್ಡಾಡಿದಾಕಿ ನೀನ.”

“ಹೇಳ್ತಿದ್ದೆ. ನೆನಪಿದ್ದರ ಹೇಳ್ತಿದ್ದೆನೇನು?”

ಕಟ್ಟೆಯ ಮೇಲೆ ಯಾರೋ ನಕ್ಕರು. ಅಡಿವೆಪ್ಪ ಅತ್ತ ಇತ್ತ ನೋಡಿದ. ಅವನಿಗೆ ತಮ್ಮನ ಮಾತು ಎಲ್ಲೋ ತಾಕಿತ್ತು. ಉಳಿದಿಬ್ಬರು ಪಂಚರ ಕಿವಿಯಲ್ಲಿ ಏನೋ ಹೇಳಿ, ಕೊನೆಗೆ ರಾಚಪ್ಪನನ್ನು ಕರೆದ. “ನಿನಗ ಈಕಿ ಗುರುತು ಹತ್ತೇತೇನು?”

ರಾಚಪ್ಪ ಕಸ್ತೂರಿಯನ್ನು ದಿಟ್ಟಿಸಿ ನೋಡಿದ. ಪ್ರಾಮಾಣಿಕ ಮನುಷ್ಯ. “ಇಲ್ರಿ,” ಎಂದ. ಮತ್ತೆ, “ಆದ್ರ ಗೂಟ ಮೂರು ಅದಾವ್ರಿ,” ಎಂದ.

ಅಷ್ಟಕ್ಕೆ ಪಂಚರು ಹೌದು ಎಂದು ಬರೆದುಕೊಂಡರು. ಜನ ಚದುರಿದರು. ಗಿರಿಜವ್ವ ಮಾತ್ರ ನಿಂತೇ ಇದ್ದಳು. ನಾನು ಅವಳ ಹತ್ತಿರ ಹೋದೆ. ಅವಳ ಮಗಳನ್ನು ನಾನು ಕಿತ್ತುಕೊಂಡು ನನ್ನ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ ಎಂದು ಅವಳಿಗೆ ಅನಿಸಿದರೆ ನಾನು ಇಲ್ಲವೆನ್ನಲು ಆಗುತ್ತಿರಲಿಲ್ಲ. ನನಗೇ ಹಾಗೆ ಅನಿಸುತ್ತಿತ್ತು.

“ನೀಲಕ್ಕ,” ಎಂದಳು. “ಹೌದು ಅಂತ ಬರೀಬಹುದಿತ್ತು ನೀ.”

“ಬರೀಬಹುದಿತ್ತು.”

“ನಾಳೆ ನಮ್ಮಕಿ ಬಂದಾಗೂ ಹಿಂಗ ಖರೇನ ಹೇಳ್ತಿ ಅಲ್ಲಾ?”

“ಹೇಳ್ತೀನಿ ಗಿರಿಜಾ.”

“ಹಂಗಾದ್ರ ಸಾಕು,” ಎಂದು ಅವಳು ಸೊಂಟದ ಗಂಟಿನಿಂದ ಒಂದು ಡಜನ್ ಹಸಿರು ಬಳೆ ತೆಗೆದಳು. ಕಸ್ತೂರಿಯ ಕೈ ಹಿಡಿದು ನೋಡಿ, ತಲೆಯಾಡಿಸಿ, ಮತ್ತೆ ಗಂಟಿಗೆ ಕಟ್ಟಿಕೊಂಡಳು. “ನಮ್ಮಕಿ ಕೈ ಇನ್ನಷ್ಟು ಸಣ್ಣದೈತಿ,” ಎಂದಳು. ನೋಡಿದ ನೆನಪೇ ಇಲ್ಲದ ಕೈಯ ಅಳತೆಯನ್ನು ಅವಳು ಅಷ್ಟು ಖಚಿತವಾಗಿ ಹೇಳಿದಳು.

ಕಸ್ತೂರಿ ನಮ್ಮ ಮನೆಗೆ ಬಂದಳು. ಒಳಗೆ ಬಂದವಳು ಟ್ರಂಕು ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ಉಂಡು, ಸಂಕೋಚಪಟ್ಟುಕೊಂಡು, ಗೋಡೆಯ ಪಕ್ಕ ಮಲಗಿದಳು. ನನಗೆ ಅವಳ ಬಾಲ್ಯದ ಒಂದೇ ಒಂದು ದಿನವೂ ನೆನಪಾಗಲಿಲ್ಲ. ಆಗುತ್ತದೆ ಎಂದು ಯಾರೂ ಕಾಯಬಾರದು, ನಮ್ಮೂರಲ್ಲಿ ಮಾಸಿದ್ದು ತಿರುಗಿ ಮೂಡುವುದಿಲ್ಲ. ಆದರೂ ನನಗೆ ಅನುಮಾನವಿರಲಿಲ್ಲ. ಒಂದು ಪಾಯಿಂಟ್ ಎಂಟು ಏಳು ಎಂದರೆ ಒಂದು ಪಾಯಿಂಟ್ ಎಂಟು ಏಳು.

ಬೆಳಿಗ್ಗೆ ಹಿತ್ತಿಲಲ್ಲಿ ಟ್ಯೂಬು ತೊಳೆಯಲು ಕೂತೆ. ನಾಲ್ಕನೆಯದು ಬುಟ್ಟಿಗೆ ಬೀಳುವಷ್ಟರಲ್ಲಿ ಬೆನ್ನ ಹಿಂದೆ ಬಾಗಿಲ ಸದ್ದಾಯಿತು. ನಾನು ತಿರುಗಲಿಲ್ಲ, ತೊಳೆಯುತ್ತಲೇ ಇದ್ದೆ. ಅವಳು ಹೊಸ್ತಿಲ ಮೇಲೆ ಕೂತಳು, ಕಣ್ಣುಜ್ಜಿಕೊಳ್ಳುತ್ತ, ಕೂದಲು ಕೆದರಿಕೊಂಡು.

“ಹೊತ್ತು ಎಷ್ಟಾಗೇತಿ, ಈಗ ಏಳೂದೇನು?” ಎಂದೆ. “ಮುಖ ತೊಳೀದ ಹೊಸ್ತಿಲ ಮ್ಯಾಲ ಕೂಡಬಾರದು ಅಂತ ಗೊತ್ತಿಲ್ಲೇನು ನಿನಗ? ಒಂಬತ್ತು ವರ್ಷ ಅದನ್ನೂ ಮರೆತು ಬಂದಿಯೇನು?”

ತಿರುಗಿ ನೋಡಿದೆ. ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಅವತ್ತಿನಿಂದ ಲ್ಯಾಬಿಗೆ ಅಂಗಡಿ ಹಾಲು. ಮನೆಯ ಹಾಲು ಕಾಯಿಸಿ, ಆ ತಗ್ಗು ಬಿದ್ದ ಹಿತ್ತಾಳೆ ಲೋಟಕ್ಕೆ ಕೆನೆ ತೆಗೆಯದೆ ತುಂಬಿ ಅವಳ ಮುಂದೆ ಹಿಡಿದೆ. ಅವಳು ಇನ್ನೂ ಬುಟ್ಟಿಯ ಕಡೆಗೇ ನೋಡುತ್ತಿದ್ದಳು. ಲೋಟದ ಕಡೆ ನೋಡದೆ ಕೈ ಚಾಚಿ ತೆಗೆದುಕೊಂಡಳು, ಲೋಟವನ್ನು ಅಂಗೈಯಲ್ಲಿ ಸ್ವಲ್ಪ ತಿರುಗಿಸಿ, ಹೆಬ್ಬೆರಳನ್ನು ಆ ತಗ್ಗಿನಲ್ಲಿಟ್ಟು ಕುಡಿಯತೊಡಗಿದಳು.